ಎರಡು ಹೆಚ್ಚು ಹೊಡೆಯುವ ಗಡಿಯಾರ

ನನ್ನ ಅಕ್ಕನ ಮಗಳು ವಾರಿಜಾಕ್ಷಿ ಮೂಡುಬಿದಿರೆಯ ಶಾಲೆಯಲ್ಲಿ ಟೀಚರು. ಅಕ್ಕ ತೀರಿಹೋದ ಮೇಲೆ ಅವಳನ್ನು ಸಾಕಿದವಳು ನಾನು, ಪೂವಮ್ಮ. ಆದ್ದರಿಂದ ಅವಳ ವಿಷಯ ಮಾತಾಡುವ ಹಕ್ಕು ನನಗುಂಟು, ನಡುವೆ ಯಾರೂ ಬಾಯಿ ಹಾಕುವುದು ಬೇಡ. ಇಡೀ ದಿನ ಮಕ್ಕಳ ಜೊತೆ ಕಿರುಚಿ ಸಂಜೆ ಮನೆಗೆ ಬಂದರೆ ಮೆಟ್ಟಿಲಲ್ಲೇ ಕುಳಿತುಬಿಡುವಳು. ಒಳಗೆ ಬರಲಿಕ್ಕೂ ತ್ರಾಣ ಇರುತ್ತಿರಲಿಲ್ಲ. ಆದಿತ್ಯವಾರ ಒಂದು ದಿನ ಕಾಲು ಚಾಚೋಣವೆಂದರೆ ಅಂದು ಅವಳನ್ನು ನೋಡಲು ಗಂಡಿನವರು ಬರುತ್ತಿದ್ದರು. ಸೀರೆ ಉಡು, ಹೂ ಮುಡಿ, ಕಾಫಿ ತಟ್ಟೆ ಹಿಡಿ, ತಲೆ ತಗ್ಗಿಸು. ಬಂದವರು ಹೊಟ್ಟೆ ತುಂಬ ತಿಂದು ಹೋಗುವರು, ಆಮೇಲೆ ಸುದ್ದಿಯೇ ಇಲ್ಲ. ಹೂ ತೆಗೆಯುವಾಗ ಅವಳ ಮುಖ ನೋಡಲಿಕ್ಕೆ ನನಗೆ ಆಗುತ್ತಿರಲಿಲ್ಲ.

ಅವಳ ಅಪ್ಪ, ಎಂದರೆ ನನ್ನ ಬಾವ ಗುರುವಪ್ಪ, ಪೇಟೆಯಲ್ಲಿ ಸೋಡಾ ಅಂಗಡಿ ಇಟ್ಟು ಮೇಲೆ ಬಂದವರು. ಅರವತ್ತೆರಡನೇ ಇಸವಿಯಲ್ಲಿ ಹೊಸ ಹಂಚಿನ ಮನೆ ಕಟ್ಟಿಸಿದರು. ಮದುವೆ ದಲ್ಲಾಳಿ ತುಕ್ರಪ್ಪ ಒಂದು ದಿನ ಚಾವಡಿಯಲ್ಲಿ ಕುಳಿತು ಗೋಡೆಗಳನ್ನೆಲ್ಲ ನೋಡಿದ.

"ಮನೆ ಚೆಂದ ಉಂಟು ಗುರುವಪ್ಪಣ್ಣ. ಆದರೆ ಎಲ್ಲ ಹೊಸತು. ಹಳೇ ಮನೆತನ ಅಂತ ಗೊತ್ತಾಗಲಿಕ್ಕೆ ಎಂಥದೂ ಇಲ್ಲ. ಒಂದು ಹಳೇ ಗಡಿಯಾರವಾದರೂ ಬೇಡವಾ ಮಾರಾಯ್ರೆ?"

ತಲೆಯೊಳಗೆ ಹುಳ ಬಿಟ್ಟು ಅವನು ಹೋದ. ಬಾವನಿಗೆ ಆಮೇಲೆ ಊಟವೂ ಗಡಿಯಾರ, ನಿದ್ದೆಯೂ ಗಡಿಯಾರ. ಮುಂಡಾಜೆಯ ಕಡೆಯವರು ನೋಡಲು ಬರುವುದೆಂದು ನಿಶ್ಚಯವಾದಾಗ, ಅದರ ಹಿಂದಿನ ದಿನ ಶನಿವಾರ, ನಮ್ಮಿಬ್ಬರನ್ನೂ ಬಸ್ಸಿಗೆ ಹತ್ತಿಸಿ ಸಿದ್ಧಕಟ್ಟೆಯ ದಾರಿಯಾಗಿ ಪಾಣೆಮಂಗಳೂರಿಗೆ ಕರೆದುಕೊಂಡು ಹೋದರು. ಅರ್ಧ ದಿನದ ಶಾಲೆ ಮುಗಿಸಿ ಬಂದ ವಾರಿಜ ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ತೂಕಡಿಸಿದಳು.

ಪಾಣೆಮಂಗಳೂರಿನ ಸುಲೈಮಾನ್ ಬ್ಯಾರಿ ಹಳೆಯ ಮನೆಗಳಿಂದ ಗಡಿಯಾರ ಕೊಂಡುತಂದು, ಉಜ್ಜಿ, ಪಾಲಿಶ್ ಕೊಟ್ಟು ಮಾರುವವನು.

"ಓಡುವುದು ಬೇಕಾ, ನೇತಾಡಿದರೆ ಸಾಕಾ?" ಎಂದು ಮೊದಲೇ ಕೇಳಿದ. "ಈಗಿನ ಹೊಸ ಮನೆಯವರಿಗೆಲ್ಲ ನೇತಾಡಿದರೆ ಸಾಕು."

ಬಾವನಿಗೆ ಓಡಲೂ ಬೇಕು, ನೇತಾಡಲೂ ಬೇಕು. ಹಳೆಯದಾಗಿರಬೇಕು, ಹಳತಾಗಿರಬಾರದು. ದುಂಡನೆಯದನ್ನು ನೋಡಿ, ಇದು ಆಸ್ಪತ್ರೆಯದ್ದರ ಹಾಗೆ ಉಂಟು ಎಂದರು. ಎಂಟು ಮೂಲೆಯದನ್ನು ಎತ್ತಿ ನೋಡಿ, "ಇದು ನಮ್ಮ ಅಜ್ಜನಿಗೆ ಸಣ್ಣದಾಯಿತು" ಎಂದರು. ಅಜ್ಜನಂತೆ ಅಜ್ಜ! ಆ ಪುಣ್ಯಾತ್ಮ ಸೂರ್ಯನನ್ನು ನೋಡಿ ಗಂಜಿ ಉಂಡವರು, ಗಡಿಯಾರ ಕಂಡವರೇ ಅಲ್ಲ. ಕೊನೆಗೆ ತೇಗದ ಪೆಟ್ಟಿಗೆಯ, ತಲೆಯ ಮೇಲೆ ಕೆತ್ತನೆ ಇದ್ದ ಉದ್ದದ ಗಡಿಯಾರವೊಂದು ಒಪ್ಪಿಗೆಯಾಯಿತು. ಮುಂದೆ ನಿಂತು ನೋಡಿದರು, ಹಿಂದೆ ಹೋಗಿ ನೋಡಿದರು, ಬೆರಳಲ್ಲಿ ತಟ್ಟಿ ನೋಡಿದರು. ವಾರಿಜ ಬೆಂಚಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು.

"ಇದಕ್ಕೊಂದು ಐಬು ಉಂಟು," ಎಂದ ಸುಲೈಮಾನ್. "ಮುಳ್ಳು ಸರಿ. ಗಂಟೆ ಮಾತ್ರ ಎರಡು ಹೆಚ್ಚು ಹೊಡೀತದೆ. ಯಾರೋ ಮುಳ್ಳು ಹಿಂದಕ್ಕೆ ತಿರುಗಿಸಿದ್ದಾರೆ. ಕೂತುಕೊಳ್ಳಿ, ಈಗಲೇ ಸರಿ ಮಾಡಿ ಕೊಡ್ತೇನೆ."

"ಬೇಡ, ಬೇಡ!" ಬಾವ ಅವನ ಕೈ ಹಿಡಿದರು. "ತಪ್ಪು ಹೊಡೆದರೆ ಇನ್ನೂ ಹಳೇದು ಅಂತ ಕಾಣ್ತದೆ."

ಇಂಥ ಬುದ್ಧಿಗೆ ಏನು ಹೇಳಬೇಕು ನೀವೇ ಹೇಳಿ. ಯಾರ ಮನೆಯದು ಎಂದು ನಾನು ಕೇಳಿದೆ. ಮಾರಿದವರ ಹೆಸರು ಹೇಳುವ ಕ್ರಮ ತನಗಿಲ್ಲ ಎಂದ ಸುಲೈಮಾನ್. ಹಿಂದಿರುಗುವಾಗ ಗಡಿಯಾರಕ್ಕೆ ಬಸ್ಸಿನ ಪೆಟ್ಟು ತಾಗಬಾರದೆಂದು ಬಾವ ಅದನ್ನು ಮಗಳ ಮಡಿಲಲ್ಲಿ ಇಟ್ಟರು. ಅವಳಿಗೆ ತೂಕಡಿಸುವ ಸುಖವೂ ತಪ್ಪಿತು.

ಮರುದಿನ ಮುಂಡಾಜೆಯವರು ಬಂದರು. ಹುಡುಗ ಧರ್ಣಪ್ಪ ಬೆಳ್ತಂಗಡಿಯಲ್ಲಿ ಕ್ಲಾರ್ಕು. ಜೊತೆಗೆ ತಾಯಿ ಅಮ್ಮಣಿ, ಸೋದರಮಾವ ಮಾಯಿಲಪ್ಪ. ನಮ್ಮಲ್ಲಿ ಮಾವನ ಮಾತೇ ಮಾತು, ಕುಟುಂಬದ ಸೊತ್ತೂ ಮಾವನ ಯಜಮಾನಿಕೆಯಲ್ಲೇ. ಅಮ್ಮಣಿ ಹಿತ್ತಿಲ ಕಡೆಯಿಂದಲೇ ಒಳಗೆ ಬಂದು ನನ್ನ ಹತ್ತಿರ ಕುಳಿತಳು. ಗಂಡಸರು ಚಾವಡಿಯಲ್ಲಿ ಕುಳಿತರು.

"ನಮ್ಮ ಅಜ್ಜನ ಕಾಲದ್ದು," ಎಂದು ಬಾವ ಗೋಡೆ ತೋರಿಸುವುದು ನನಗೆ ಕೇಳಿಸಿತು.

"ಇಂಥದೇ ಒಂದು ನಮ್ಮಲ್ಲೂ ಉಂಟು. ಪಾಲಿಶ್ ಇಷ್ಟಿಲ್ಲ. ಅಕ್ಕ ರಿಪೇರಿಗೆ ಕೊಟ್ಟಿದ್ದಾಳೆ," ಎಂದರು ಮಾಯಿಲಪ್ಪ.

ವಾರಿಜ ಕಾಫಿ ತೆಗೆದುಕೊಂಡು ಹೋದಳು. ನಾನು ಬಾಗಿಲ ಸಂದಿಯಲ್ಲಿ ನೋಡುತ್ತಿದ್ದೆ. ಆ ಹುಡುಗ ಗೋಡೆಯ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ.

"ಎಷ್ಟನೇ ಕ್ಲಾಸಿಗೆ ಪಾಠ ಮಾಡ್ತೀರಿ?" ಎಂದು ಅವಳನ್ನೇ ಕೇಳಿದ.

"ಒಂದನೇ ಕ್ಲಾಸಿಗೆ."

"ತುಂಬ ಸುಸ್ತಾಗ್ತದಲ್ವಾ?"

ಬಂದವರಲ್ಲಿ ಹೀಗೆ ಕೇಳಿದವನು ಇವನೇ ಮೊದಲು. ವಾರಿಜ ತಲೆ ಎತ್ತಿದಳು. "ಆಗ್ತದೆ. ಆದಿತ್ಯವಾರ ಸ್ವಲ್ಪ ಹೆಚ್ಚು," ಎಂದಳು. ಹುಡುಗ ನಕ್ಕುಬಿಟ್ಟ. ಅವಳೂ ನಕ್ಕಳು. ನನ್ನ ಎದೆ ತಂಪಾಯಿತು.

ಅಷ್ಟರಲ್ಲಿ ಆ ಹಾಳು ಗಡಿಯಾರ ಢಣ್ ಢಣ್ ಎಂದು ಐದು ಹೊಡೆಯಿತು.

"ಅಯ್ಯೋ, ಐದಾಯಿತಾ? ಬಸ್ಸು ಹೋಯಿತಲ್ಲ!" ಎಂದು ಮಾಯಿಲಪ್ಪ ಎದ್ದರು.

ಒಳಗೆ ನನ್ನ ಪಕ್ಕದಲ್ಲಿ ಅವಲಕ್ಕಿ ತಿನ್ನುತ್ತಿದ್ದ ಅಮ್ಮಣಿ ತಲೆಯೆತ್ತದೆ, ಮನೆಯಲ್ಲಿ ದಿನಾ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು: "ಮೂರು ಅಷ್ಟೇ ತಮ್ಮಾ. ಎರಡು ಬಿಟ್ಟು ಲೆಕ್ಕ ಹಾಕು."

ಹೇಳಿದ ಮೇಲೆ ಅವಳಿಗೆ ಎಚ್ಚರವಾಯಿತು. ಕೈಯ ಅವಲಕ್ಕಿ ಕೈಯಲ್ಲೇ ಉಳಿಯಿತು. ಎದ್ದು ಬಾಗಿಲಿಗೆ ಬಂದು ಗೋಡೆ ನೋಡಿದಳು. ಮಾಯಿಲಪ್ಪ ಗಡಿಯಾರವನ್ನು ನೋಡಿದರು, ಅಕ್ಕನನ್ನು ನೋಡಿದರು.

"ರಿಪೇರಿಗೆ ಕೊಟ್ಟದ್ದು ಅಂತ ಹೇಳಿದ್ದಿಯಲ್ಲ ಅಕ್ಕ?"

ಅಮ್ಮಣಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ಗಂಡನ ಕಾಯಿಲೆಯ ಕಾಲದಲ್ಲಿ, ಕುಟುಂಬದ ಗಡಿಯಾರವನ್ನು ತಮ್ಮನಿಗೆ ಹೇಳದೆ ಮಾರಿದ್ದಳು ಪಾಪ ಎಂದು ಆಮೇಲೆ ತಿಳಿಯಿತು. ಕದ್ದು ಮಾರಿದವಳು ಒಳಗೆ, ಸುಳ್ಳು ಹೇಳಿ ತೂಗುಹಾಕಿದವರು ಹೊರಗೆ. ಯಾರು ಯಾರನ್ನು ಬೈಯುವುದು? ಬಂದವರು ಮರ್ಯಾದೆಯಿಂದಲೇ ಹೊರಟರು. ಧರ್ಣಪ್ಪ ಅಂಗಳದಿಂದ ಒಮ್ಮೆ ತಿರುಗಿ ನೋಡಿದ.

ಆ ವಾರದಲ್ಲೇ ತುಕ್ರಪ್ಪ ಸುದ್ದಿ ತಂದ. "ಹುಡುಗಿ ಎಲ್ಲರಿಗೂ ಒಪ್ಪಿಗೆ ಉಂಟು. ಹುಡುಗ ಹಟ ಮಾಡಿ ನೋಡಿದ. ಆದರೆ ಅಮ್ಮಣಿಯಕ್ಕ, ಸೊಸೆಯ ಮುಖ ನೋಡಿದಾಗಲೆಲ್ಲ ನನಗೆ ನಾಚಿಕೆಯಾಗ್ತದೆ ಅಂತಾರೆ. ಮಾವ, ಅಜ್ಜನನ್ನು ಅಂಗಡಿಯಿಂದ ತಂದವರ ಮನೆ ಬೇಡ ಅಂತಾರೆ."

ಅವನು ಹೋದದ್ದೇ ಬಾವ ಸ್ಟೂಲು ಹತ್ತಿ ಗಡಿಯಾರಕ್ಕೆ ಕೈ ಹಾಕಿದರು. ಶಾಲೆಯಿಂದ ಬಂದು ಮೆಟ್ಟಿಲಲ್ಲಿ ಕುಳಿತಿದ್ದ ವಾರಿಜ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಇರಲಿ ಅಪ್ಪ. ತೆಗೆದರೆ ಈಗ ಎಂಥ ಸಿಗ್ತದೆ?"

"ಬೇಸರ ಮಾಡಬೇಡ ಮಗಾ. ಬೇರೆ ಕಡೆ ನೋಡುವ. ಗಂಡುಗಳಿಗೇನು ಬರಗಾಲವಾ?"

"ಬೇಡ. ಇನ್ನು ಯಾರೂ ಬರುವುದು ಬೇಡ. ನನ್ನಿಂದ ಆಗುವುದಿಲ್ಲ. ಸಾಕಾಯಿತು."

ಬಾವ ಸ್ಟೂಲಿನ ಮೇಲೆಯೇ ನಿಂತಿದ್ದರು. ಇಷ್ಟು ಆದಿತ್ಯವಾರಗಳಲ್ಲಿ ಒಮ್ಮೆಯೂ ಕೇಳದ್ದನ್ನು ಆಗ ಕೇಳಿದರು.

"ಆ ಹುಡುಗ ನಿನಗೆ ಹಿಡಿಸಿದ್ದನಾ?"

"ಹಿಡಿಸಿದ್ರು," ಎಂದಳು ವಾರಿಜ. "ಇಷ್ಟು ಜನ ಬಂದದ್ದರಲ್ಲಿ ಅವರೊಬ್ಬರೇ, ಅಪ್ಪ."