ಸಮಾಧಿಗುಡ್ಡದ ಕಾವಲುಗಾರ

ಮಡಗಾಸ್ಕರ್ ದ್ವೀಪದ ಅರಣ್ಯ ಕಾವಲುಗಾರ ಹೇಗಿರುತ್ತಾನೆಂದು ತಿಳಿಯಬೇಕಾದರೆ ನನ್ನನ್ನು ನೋಡಿದರೆ ಸಾಕು. ಬೆಳಿಗ್ಗೆ ಸೀಟಿ ಊದುತ್ತಾ ಕಾಡಿಗೆ ಹೋಗುತ್ತೇನೆ. ಅದು ಕೇಳಿಸಿದೊಡನೆ ಮರ ಕಡಿಯುವವರು ಕೊಡಲಿ ಬಚ್ಚಿಟ್ಟು, ನಾನು ದಾಟಿದ ಮೇಲೆ ಕೆಲಸ ಮುಂದುವರಿಸುತ್ತಾರೆ. ಇದ್ದಿಲು ಸುಡಬೇಡಿ ಎಂದು ಊರಿಗೆಲ್ಲ ಭಾಷಣ ಬಿಗಿದು, ಮನೆಗೆ ಬಂದು ಇದ್ದಿಲ ಒಲೆಯಲ್ಲಿ ಬೆಂದ ಅನ್ನ ಉಣ್ಣುತ್ತೇನೆ. ಇದ್ದಿಲು ಮಾರುವ ವೊಲೊಲೊನಾ, "ಇದು ನಿನ್ನ ಕಾಡಿಂದೇ ಕಣಣ್ಣ, ಚೆನ್ನಾಗಿ ಉರಿಯುತ್ತೆ" ಎಂದು ಎರಡು ತುಂಡು ಹೆಚ್ಚಿಗೆ ಹಾಕುತ್ತಾಳೆ. ಆದರೂ ಮೇಲಧಿಕಾರಿಗಳಿಗೆ ತೋರಿಸಲು ನನ್ನಲ್ಲೊಂದು ಗುಡ್ಡವಿದೆ. ಅಲ್ಲಿ ಒಂದು ಕೊಂಬೆಯೂ ಮುರಿದಿಲ್ಲ. 'ಕಟ್ಟುನಿಟ್ಟಿನ ಗಸ್ತಿನ ಫಲ' ಎಂದು ವರ್ಷಾವರ್ಷ ವರದಿ ಬರೆಯುತ್ತೇನೆ. ನಿಜವೆಂದರೆ ಅಲ್ಲಿ ನಮ್ಮ ಹಿರಿಯರ ಸಮಾಧಿಗಳಿವೆ. ಅವರ ಮರ ಮುಟ್ಟುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ, ಗಸ್ತಿಗೆ ಹೋಗುವ ಧೈರ್ಯ ನನಗೂ ಇಲ್ಲ. ಮೊನ್ನೆ ಹೆಂಡತಿಗೆ ಹೇಳಿದೆ: "ನಾನು ಸತ್ರೆ ಅಪ್ಪನ ಪಕ್ಕ ಬೇಡ. ಪೂರ್ವದ ಇಳಿಜಾರಲ್ಲಿ ಹೂಳಿಸು, ಈಗ ಕಡೀತಿರೋದು ಅಲ್ಲೇ." ಮನೆತನದ ಸಮಾಧಿಯಿಂದ ಹೊರಗುಳಿದವನು ನಮ್ಮಲ್ಲಿ ಸತ್ತ ಮೇಲೂ ಅನಾಥ. ಅವಳು ಒಲೆ ಊದಿ ಅಂದಳು: "ಹಾಗಾದ್ರೆ ನಾನೂ ಅಲ್ಲಿಗೇ ಬರ್ತೀನಿ. ನಿನ್ನೊಬ್ಬನಿಗೆ ಯಾರು ಹೆದರ್ತಾರೆ?"