ದೇವರ ಮನೆಯ ಕೆಳಗಿನ ಚಾವಣಿ

ಬ್ಯೂಟಿ ಪಾರ್ಲರಿಗೆ ಬಂದವರು ಕನ್ನಡಿಯನ್ನೇ ನೋಡುತ್ತಾರೆಂದು ಅಂದುಕೊಂಡರೆ ತಪ್ಪು. ಫೇಶಿಯಲ್‌ಗೆ ಮಲಗಿದವರು ಮುಕ್ಕಾಲು ಗಂಟೆ ನೋಡುವುದು ಚಾವಣಿಯನ್ನು. ಜರಗನಹಳ್ಳಿಯಲ್ಲಿ ನಾನು ಬಾಡಿಗೆಗೆ ಹಿಡಿದದ್ದು ಹಳೆಯ ಬಜ್ಜಿ ಅಂಗಡಿ. ತಲೆಯೆತ್ತಿದರೆ ಬಾಣಲೆಯ ತಳದಂತೆ ಕಾಣುತ್ತಿತ್ತು. ಎಷ್ಟು ಬಣ್ಣ ಬಳಿದರೂ ಎಣ್ಣೆ ಕರೆ ಮತ್ತೆ ಇಣುಕುತ್ತಿತ್ತು. ಮನೆಮನೆಗೆ ಹೋಗಿ ಐಬ್ರೋ ಮಾಡಿ ಮೇಲೆ ಬಂದವಳು ನಾನು; ಇಂಥ ಚಾವಣಿಯ ಕೆಳಗೆ ಯಾರನ್ನೂ ಮಲಗಿಸಲಾರೆ ಎಂದು ಅದನ್ನು ಮರೆಮಾಡಲು ಕೆಳಗೆ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಹಾಕಿಸಲು ಹೊರಟೆ. ಎರಡು ಸಾವಿರದ ಎರಡೋ ಮೂರೋ ಇಸವಿ. ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಅಂಗಡಿ ತೆರೆಯಬೇಕಿತ್ತು.

ಕುಮಾರಸ್ವಾಮಿ ಲೇಔಟಿನ ಕಂಟ್ರಾಕ್ಟರೊಬ್ಬನ ಜೊತೆ ಅರ್ಧ ದಿನ ಚೌಕಾಸಿ ಮಾಡಿದೆ. ಅವನು ಸುಲಭವಾಗಿ ಇಳಿದ. ಇಳಿದಾಗಲೇ ಅನುಮಾನ ಬರಬೇಕಿತ್ತು, ನಾನು ಹಿಗ್ಗಿದೆ. ನೀವು ಹಾಗೆ ಹಿಗ್ಗಬೇಡಿ. ರೇಟು ಇಳಿಸಿದವನನ್ನು ಕೆಲಸದಲ್ಲಿ ಏನು ಬಿಡುತ್ತೀಯ ಎಂದು ಅಲ್ಲೇ ಕೇಳಿಬಿಡಿ.

ಕೆಲಸದ ಮೊದಲ ದಿನವೇ ಜಗಳ. ಅವನ ಆಳು ಸ್ಟೂಲು ಹತ್ತಿ, ಆರಡಿ ಬೋರ್ಡನ್ನು ತಲೆಯಿಂದ ಎತ್ತಿ ಹಿಡಿದು ನಿಂತಿದ್ದ. ಇನ್ನೊಬ್ಬ ಸ್ಕ್ರೂ ಹೊಡೆಯುತ್ತಿದ್ದ.

"ಅಣ್ಣ, ಅವನ ಕತ್ತು ಏನಾಗ್ಬೇಕು? ಇಳ್ಸಿ ಮೊದ್ಲು!"

"ಎಲ್ಲಾ ಕಡೆ ಹಿಂಗೇ ಮಾಡೋದು ಮೇಡಂ."

"ಎಲ್ಲಾ ಕಡೆ ನಾನಿಲ್ಲ."

ಎರಡು ಗಳಗಳ ತುದಿಗೆ ಅಡ್ಡಪಟ್ಟಿ ಹೊಡೆಸಿ ಬೋರ್ಡಿಗೆ ಆನಿಕೆ ಕೊಡಿಸಿದೆ. ಸ್ಟೂಲು ತೆಗೆಸಿ ಎರಡು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹಲಗೆ ಹಾಕಿಸಿದೆ. ಕಣ್ಣಿಗೆ ಪುಡಿ ಬೀಳದಂತೆ ಕನ್ನಡಕ ಕೊಟ್ಟೆ. ಅರ್ಧ ಹೊತ್ತಿನಲ್ಲಿ ಮುಗಿಯಿತು, ಯಾರ ಕತ್ತೂ ನೋಯಲಿಲ್ಲ. ಗೆದ್ದೆ ಎಂದುಕೊಂಡೆ.

ಹಬ್ಬದ ಹಿಂದಿನ ದಿನ ಐಬ್ರೋ ದಾರವನ್ನು ಬೋರ್ಡಿಗೆ ತಾಗಿಸಿ ಈ ಗೋಡೆಯಿಂದ ಆ ಗೋಡೆಗೆ ಬಿಗಿಯಾಗಿ ಎಳೆದು ನೋಡಿದೆ. ನಡುವೆ ಬೋರ್ಡು ದಾರವನ್ನು ಒಂದು ಬೆರಳು ಕೆಳಗೆ ತಳ್ಳುತ್ತಿತ್ತು. ಲೈಟಿಗೆ ಬಿಟ್ಟಿದ್ದ ತೂತಿನೊಳಗೆ ಟಾರ್ಚ್ ಹಿಡಿದೆ. ಬೋರ್ಡುಗಳನ್ನು ಹೊತ್ತ ಹನ್ನೆರಡಡಿ ತಗಡಿನ ಪಟ್ಟಿ ಬರೀ ಎರಡು ಗೋಡೆಗಳ ಮೇಲೆ ಕೂತಿದೆ! ಪಟ್ಟಿಯನ್ನು ಎತ್ತಿ ಹಿಡಿಯಲು ನಾಲ್ಕಡಿಗೊಂದು ಕಂಬಿ ಮೇಲಿನ ಕಾಂಕ್ರೀಟಿಗೆ ಕಚ್ಚಬೇಕೆಂದು ನಾನು ಹೇಳಿದ್ದೆ. ಒಂದೂ ಇಲ್ಲ.

ಕಂಟ್ರಾಕ್ಟರನನ್ನು ಕರೆಸಿದೆ.

"ಕಂಬಿ ಎಲ್ಲಿ?"

"ಮೇಡಂ, ಮೇಲ್ಗಡೆ ಓನರ್ ಆಂಟಿ ದೇವರ ಮನೆ ಇದರ ಮೇಲೇ ಇರೋದು. ದೇವರ ಕೆಳಗೆ ತೂತು ಹೊಡೀಬೇಡ ಅಂದ್ರು. ಆಯ್ತು ಅಂದೆ."

"ನನಗೂ ಆಯ್ತು ಅಂದ್ಯಲ್ಲ?"

"ಏನೂ ಆಗಲ್ಲ ಮೇಡಂ, ಸಖತ್ ಗಟ್ಟಿಯಿದೆ."

ಫೇಶಿಯಲ್ ಬೆಡ್ ಅದರ ಕೆಳಗೇ ಇತ್ತು. ತೋರಿಸಿದೆ. "ಗಟ್ಟಿಯಿದ್ರೆ ಮಲ್ಕೋ. ಕಣ್ಮೇಲೆ ಸೌತೆಕಾಯಿ ಇಡ್ತೀನಿ."

ಅವನು ನಕ್ಕ. ನಾನು ನಗಲಿಲ್ಲ. ಮೇಲೆ ಒಂದು ಸಲ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ನನ್ನನ್ನು ನಂಬಿ ಕಣ್ಣು ಮುಚ್ಚಿ ಮಲಗುವ ಹೆಂಗಸರ ತಲೆಯ ಮೇಲೆ ಇದನ್ನು ಬಿಟ್ಟು ಹೋಗುತ್ತಿದ್ದ! ಬೋರ್ಡುಗಳನ್ನೆಲ್ಲ ಇಳಿಸು ಎಂದು ಹೇಳಿ, ಅದೇ ಸಿಟ್ಟಿನಲ್ಲಿ ಮಹಡಿ ಹತ್ತಿ ಮನೆಯ ಒಡತಿಯ ಬಾಗಿಲು ತಟ್ಟಿದೆ.

"ಆಂಟಿ, ತೂತು ಹೊಡೀಬೇಡ ಅಂದ್ರಂತೆ?"

"ಹೂಂನಮ್ಮ. ದೇವರು ಕೂತಿರೋವಾಗ ಕೆಳಗಿಂದ ಗಡಗಡ ಅಂದ್ರೆ ಹೆಂಗೆ?"

"ಹೊಡೀದಿದ್ರೆ ಯಾರದ್ದಾದ್ರೂ ತಲೆ ಮೇಲೆ ಬೀಳುತ್ತೆ."

ಅವರು ಹೊಸಿಲು ದಾಟಿ ಬಂದರು. "ಅದನ್ನ ಯಾರು ಹೇಳಿದ್ರು ನಂಗೆ? ಅವ್ನು ಹೇಳ್ಲಿಲ್ಲ, ನೀನೂ ಬಂದು ಕೇಳ್ಲಿಲ್ಲ. ಕೇಳಿದ್ರೆ ದೇವರನ್ನ ತಟ್ಟೇಲಿಟ್ಕೊಂಡು ಒಂದು ಗಂಟೆ ಆಚೆ ಕೂತ್ಕೋತಿದ್ನಲ್ಲೇ?"

ಕಾಸಿಗೆ ಕಾಸು ಚೌಕಾಸಿ ಮಾಡುವ ನಾನು, ಯಾರ ಮನೆಯ ನೆಲಕ್ಕೆ ಡ್ರಿಲ್ ಇಡುತ್ತೇನೋ ಅವರನ್ನೇ ಮಾತಾಡಿಸಿರಲಿಲ್ಲ. ಮೆಟ್ಟಿಲು ಹತ್ತುವಷ್ಟೂ ಪುರಸೊತ್ತಿರಲಿಲ್ಲ ನನಗೆ.

ಹಬ್ಬದ ಶುಕ್ರವಾರ ಕೈತಪ್ಪಿತು. ಆಂಟಿ ಹಬ್ಬದ ಕಳಶ ಇಟ್ಟ ಮೇಲೆ ಅದನ್ನು ಅಲ್ಲಾಡಿಸುವಂತಿರಲಿಲ್ಲ, ಅವರು ತೆಗೆಯಲಿ ಎಂದು ಭಾನುವಾರದವರೆಗೆ ಕಾದೆ. ಅವತ್ತು ಆಂಟಿ ಬೆಳ್ಳಿ ತಟ್ಟೆಯಲ್ಲಿ ದೇವರುಗಳನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಕೆಳಗೆ ಡ್ರಿಲ್ ಗುಡುಗುತ್ತಿತ್ತು. ನಾನು ಹಲಗೆ ಹತ್ತಿ ಒಂದೊಂದೇ ಕಂಬಿಗೆ ಜೋತುಬಿದ್ದು ನೋಡಿದೆ. ಕಂಟ್ರಾಕ್ಟರ್ ಮುಂದಿನ ತೂತಿಗೆ ಗುರುತು ಹಾಕಿದ.

"ಮುಗೀತೇನಮ್ಮ?" ಎಂದರು ಆಂಟಿ.

"ಇನ್ನೂ ನಾಲ್ಕು ಕಂಬಿ ಇದೆ ಆಂಟಿ," ಎಂದೆ. ಅವರು ತಟ್ಟೆಯನ್ನು ಇನ್ನೊಂದು ತೊಡೆಗೆ ಬದಲಾಯಿಸಿಕೊಂಡರು.