ಆರು ನಿಮಿಷ ತಡವಾಗಿ ಬರುತ್ತಿದ್ದ ಹುಡುಗಿ

ಮಾರ್ಚ್ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ ಎಂಟು ಗಂಟೆ. ಅಮೆರಿಕದ ಬೆಲ್ವ್ಯೂ ಊರಿನ ನಮ್ಮ ಮನೆಯ ಊಟದ ಮೇಜಿನ ಬಳಿ ಇದ್ದವರು ಇಬ್ಬರು: ನಾನು, ಹದಿನಾಲ್ಕು ವರ್ಷದ ನನ್ನ ಮೊಮ್ಮಗಳು.

ಮೈಸೂರಿನಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಗಂಟೆ ಹೊಡೆದ ಮೇಲೆ ಗೇಟು ಹಾಕಿಸುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಶನಿವಾರದ ದಿನ ಹತ್ತರಿಂದ ಹನ್ನೊಂದೂವರೆಯವರೆಗೆ ಕ್ರಾಸ್‌ರೋಡ್ಸ್ ಬಡಾವಣೆಯ ಒಂದು ಬಾಡಿಗೆ ಕೋಣೆಯಲ್ಲಿ ಒಂಬತ್ತು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಅಲ್ಲಿಯೂ ಅದೇ ಕ್ರಮ. ಮೊದಲು ಎಲ್ಲರೂ ಎದ್ದು ಕೈಮುಗಿದು ಗಣಪತಿ ಶ್ಲೋಕ, ಆಮೇಲೆ ಹಾಜರಿ, ಆಮೇಲೆ ಪಾಠ. ಮೂರು ಸಲ ತಡವಾಗಿ ಬಂದವರಿಗೆ ಬೇಸಿಗೆ ರಜೆಯವರೆಗೆ ಪ್ರವೇಶವಿಲ್ಲ.

ಮೊಮ್ಮಗಳು ಸೋಮವಾರ ಶಾಲೆಯಲ್ಲಿ ಮಾಡಬೇಕಿದ್ದ ಇತಿಹಾಸದ ಭಾಷಣವನ್ನು ಓದಿ ಹೇಳುತ್ತಿದ್ದಳು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶದ ಪೂರ್ವದ ನಗರಗಳಿಗೆ ಐರ್ಲೆಂಡಿನಿಂದ ಬಡ ಕ್ಯಾಥೊಲಿಕರು ಹಡಗು ತುಂಬ ಬಂದಿಳಿದರು. ಶಾಲೆಗಳಲ್ಲಿ ದಿನವೂ ಬೆಳಗ್ಗೆ ಪ್ರಾಟೆಸ್ಟೆಂಟರ ಬೈಬಲ್ ಓದಿಸುತ್ತಿದ್ದರು. ನಮ್ಮ ಮಕ್ಕಳು ನಮ್ಮ ಬೈಬಲ್ ಓದಲಿ ಎಂದು ಬಂದವರು ಕೇಳಿಕೊಂಡರು. ಬೈಬಲನ್ನೇ ಶಾಲೆಯಿಂದ ತೆಗೆಸಲು ಹೊರಟಿದ್ದಾರೆ ಎಂದು ಗುಲ್ಲೆದ್ದಿತು. ಕೊನೆಗೆ ಚರ್ಚುಗಳಿಗೂ ಮನೆಗಳಿಗೂ ಬೆಂಕಿ ಬಿತ್ತು, ಜನ ಸತ್ತರು.

"ಬೆಂಕಿ ಹಚ್ಚಿದ್ದು ತಪ್ಪು, ಬಿಡು. ಆದ್ರೆ ಶಾಲೆ ಅಂದ್ಮೇಲೆ ಎಲ್ಲರಿಗೂ ಒಂದೇ ನಿಯಮ. ಆ ಮಕ್ಕಳು ಎರಡು ನಿಮಿಷ ಓದಿಬಿಟ್ಟಿದ್ರೆ ಏನಾಗ್ತಿತ್ತು?" ಎಂದೆ.

ನನ್ನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲಿ. ಓದದ ಮಕ್ಕಳ ಅಂಗೈಗೆ ಬೆತ್ತದ ಏಟು ಬೀಳುತ್ತಿತ್ತು ಎಂದಳು. ನಾನು ಹಾಲಿನ ಪಾತ್ರೆ ತೊಳೆಯಲು ಎದ್ದೆ.

ತರಗತಿ ಸರಿಯಾಗಿ ಹತ್ತಕ್ಕೆ ಆರಂಭವಾಯಿತು. ಹತ್ತು ಗಂಟೆ ಆರು ನಿಮಿಷಕ್ಕೆ, ಹಾಜರಿ ಮುಗಿಯುವಾಗ, ಎಂಟು ವರ್ಷದ ಒಬ್ಬ ಹುಡುಗಿ ತಾಯಿಯ ಜೊತೆ ಬಾಗಿಲಲ್ಲಿ ನಿಂತಳು. ಹಾಸನದ ಕಡೆಯವರು. ಊರಿನ ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆಯಬೇಕೆಂದೇ ಎರಡು ವಾರದ ಹಿಂದೆ ಸೇರಿದ್ದ ಮಗು; ಅಕ್ಷರ ದುಂಡಗೆ. ಅಂದಿನದು ಮೂರನೆಯ ಸಲ.

"ನಿಯಮ ಗೊತ್ತಲ್ಲ?" ಎಂದೆ.

"ಗೊತ್ತು ಮೇಡಂ," ಎಂದರು ತಾಯಿ. ಮಗುವಿನ ಕೈಹಿಡಿದು ಹೊರಟುಹೋದರು.

ಹಾಜರಿ ಪುಸ್ತಕ ಹಿಡಿದಿದ್ದ ಮೊಮ್ಮಗಳು ಹತ್ತಿರ ಬಂದಳು. ಈ ಸಲ ಕನ್ನಡದಲ್ಲೇ ಹೇಳಿದಳು: "ಅಜ್ಜಿ, ಅವ್ರು ಲೇಟ್ ಅಲ್ಲ. ಒಂಬತ್ತು ಐವತ್ತಕ್ಕೇ ಬರ್ತಾರೆ. ಶ್ಲೋಕ ಮುಗಿಯೋವರೆಗೂ ಕಾರಲ್ಲಿ ಕೂತಿರ್ತಾರೆ. ಅವ್ರು ಕ್ಯಾಥೊಲಿಕ್."

ಅರ್ಜಿಯಲ್ಲಿದ್ದ ಆ ಕ್ರೈಸ್ತ ಹೆಸರನ್ನು ನಾನೇ ಹಾಜರಿಗೆ ಇಳಿಸಿಕೊಂಡಿದ್ದೆ. ವಾರವಾರ ಕೂಗಿಯೂ ಇದ್ದೆ. ಹೆಸರು ತಿಳಿದಿತ್ತು, ಗಡಿಯಾರವೂ ಕಾಣುತ್ತಿತ್ತು. ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಬೆಳಗ್ಗೆ ನಾನು ಯಾರ ಪಕ್ಷ ವಹಿಸಿ ಮಾತಾಡಿದ್ದೆನೋ ಆ ಮೇಷ್ಟ್ರುಗಳಿಗೂ ತಾವು ಬರೀ ಶಿಸ್ತು ಕಲಿಸುತ್ತಿದ್ದೇವೆ ಎಂದೇ ಅನ್ನಿಸಿರಬೇಕು. ಎಂಟು ಮಕ್ಕಳು ಕಾಯುತ್ತಿದ್ದರು. ಒತ್ತಕ್ಷರದ ಪಾಠ ಮಾಡಿದೆ, ಹನ್ನೊಂದೂವರೆಗೆ ಬಿಟ್ಟೆ.

ನಾಲ್ಕು ಗಂಟೆಗೆ, ಬರುತ್ತೇನೆಂದು ಫೋನ್ ಮಾಡಿ, ಅವರ ಅಪಾರ್ಟ್‌ಮೆಂಟಿಗೆ ನಡೆದುಹೋದೆ. ದಾರಿ ತಪ್ಪಿ ಐದು ನಿಮಿಷ ತಡವಾಯಿತು.

ತಾಯಿ ಬಾಗಿಲು ತೆರೆದು ಗಡಿಯಾರ ನೋಡಿದರು. "ಒಳಗೆ ಬಿಡಬಹುದಾ ಮೇಡಂ, ನಿಯಮ ಏನು ಹೇಳತ್ತೆ?"

"ಮೊದಲನೇ ಸಲ. ಬಿಡಬಹುದು," ಎಂದೆ. ಕೂತ ಮೇಲೆ ಕೇಳಿದೆ, "ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಇಲ್ಲಿ ಕನ್ನಡದೋರು, ನಮ್ಮೋರು ಅಂತ ಇರೋದೇ ನಾಲ್ಕು ಮನೆ. ಅದ್ರಲ್ಲೂ ನಾವು ಬೇರೆ ಅಂತ ನಾವೇ ಬಾಯಿಬಿಟ್ಟು ಹೇಳ್ಕೋಬೇಕಾ? ಕಾರಲ್ಲಿ ಕೂತಿರೋದೇ ಸುಲಭ ಅನ್ನಿಸ್ತು."

"ಮುಂದಿನ ವಾರದಿಂದ ಹತ್ತಕ್ಕೆ ನೇರ ಹಾಜರಿ. ಶ್ಲೋಕ ಹೇಳೋರು ಹತ್ತು ನಿಮಿಷ ಮುಂಚೆ ಬಂದು ಹೇಳ್ಕೊಳ್ಳಲಿ."

"ಬೇರೆ ಪೇರೆಂಟ್ಸ್ ಸುಮ್ನಿರ್ತಾರಾ?"

"ಇರಲ್ಲ. ನಾಳೆ ಒಬ್ಬೊಬ್ಬರಿಗೂ ಫೋನ್ ಮಾಡ್ತೀನಿ. ಅದು ನನ್ನ ಕೆಲಸ. ನೀವು ಮಗೂನ ಕಳಿಸ್ತೀರಾ?"

"ಬಾಗಿಲಲ್ಲಿ ನಿಂತು ವಾಪಸ್ ಬಂದಿದ್ದು ಅವಳು. ಅವಳನ್ನೇ ಕೇಳಿ."

ಹುಡುಗಿ ಸೋಫಾದ ಹಿಂದೆ ನಿಂತಿದ್ದಳು. ಅವಳ ಹತ್ತಿರ ಹೋಗಿ, ತಪ್ಪು ನನ್ನದು ಎಂದೆ. ಶಾಲೆಯಲ್ಲಿ ಯಾವ ಮಗುವಿಗೂ ಆ ಮಾತು ಹೇಳಿದ ನೆನಪಿಲ್ಲ. ಅವಳು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. "ಇವತ್ತು ಏನು ಮಾಡಿದ್ರಿ?" ಎಂದು ಕೇಳಿದಳು.

"ಒತ್ತಕ್ಷರ. ಆಮೇಲೆ ಹತ್ತು ಪದ ಉಕ್ತಲೇಖನ."

ಪುಸ್ತಕ ತಂದು ಮೇಜಿನ ಮೇಲಿಟ್ಟು, ಪೆನ್ಸಿಲು ಚೂಪು ಮಾಡಿಕೊಂಡು ಕೂತಳು. ಪಾಠ ಹೇಳಿದೆ. ಆಮೇಲೆ ಹತ್ತು ಪದ ಹೇಳಿ ಬರೆಸಿದೆ. ಎಂಟು ಸರಿ, ಎರಡು ತಪ್ಪು. ತಪ್ಪಿದ್ದನ್ನು ಐದೈದು ಸಲ ಬರೆಸಿ, ಕೆಳಗೆ ರುಜು ಹಾಕಿದೆ. ಆಗ ಗಂಟೆ ಐದೂವರೆ.